ಪಕ್ಕಕ್ಕಿಟ್ಟ ಕ್ಯಾನು

ನಮ್ಮ ಹುಣಸೆಕಟ್ಟೆಯ ಡೈರಿಯ ಮುಂದೆ ಬೆಳಗಾದರೆ ಜನ ಸಾಲು ನಿಲ್ಲುವುದಿಲ್ಲ, ಕ್ಯಾನುಗಳು ನಿಲ್ಲುತ್ತವೆ. ಹೆಂಗಸರು ಹಾಲು ಕರೆದು ತಂದು, ಕ್ಯಾನನ್ನು ಸಾಲಿನ ತುದಿಗಿಟ್ಟು, ಒಲೆಯ ಮೇಲಿನ ಮುದ್ದೆ ನೋಡಲಿಕ್ಕೋ ಕರುವಿಗೆ ಹುಲ್ಲು ಹಾಕಲಿಕ್ಕೋ ಹೊರಟುಬಿಡುತ್ತಾರೆ. ಏನೂ ಕೆಲಸವಿಲ್ಲದವರು ಎದುರಿನ ಜಗಲಿಯ ಮೇಲೆ ಕೂತು ಊರಿನ ಸಮಾಚಾರ ವಿಚಾರಿಸಿಕೊಳ್ಳುತ್ತಾರೆ. ಹಿಂದಿನವರು ತಮ್ಮ ಕ್ಯಾನಿನ ಜೊತೆ ಮುಂದಿನದನ್ನೂ ಜರುಗಿಸುತ್ತಾ ಹೋಗುತ್ತಾರೆ. ತಕ್ಕಡಿಯ ಹತ್ತಿರ ಬಂದರೂ ಯಜಮಾನಿ ಬರಲಿಲ್ಲವೆಂದರೆ ಕ್ಯಾನನ್ನು ಬಾಗಿಲ ಪಕ್ಕದ ಚಪ್ಪಡಿಯ ಮೇಲಿಟ್ಟು ಅವಳ ಹಿಂದಿನವರು ಹಾಲು ಹಾಕುತ್ತಾರೆ. ಬಂದ ಕೂಡಲೆ ಸರದಿ ಅವಳದೇ. ಮುಚ್ಚಳವನ್ನು ಮಾತ್ರ ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ಒಬ್ಬರ ಮನೆಯ ಹಾಲನ್ನು ಅವರಿಲ್ಲದಾಗ ಸುರಿದರೆ ಮಾರನೆಯ ದಿನ ಹಸು ಹಾಲಿಳಿಸುವುದಿಲ್ಲ ಎಂದು ನಮ್ಮವರ ನಂಬಿಕೆ. ನಿಜವೋ ಸುಳ್ಳೋ, ಪರೀಕ್ಷೆ ಮಾಡಿ ನೋಡುವ ಧೈರ್ಯ ಯಾರಿಗೂ ಬಂದಿಲ್ಲ.

ರಾಮನಗರ ಬೇರೆ ಜಿಲ್ಲೆಯಾಯಿತಲ್ಲ, ಆ ವರ್ಷ ನಮ್ಮ ಡೈರಿಗೆ ಕಂಪ್ಯೂಟರ್ ಬಂತು. ಅದರ ಜೊತೆ ಹಾಲು ಪರೀಕ್ಷಿಸುವ ಯಂತ್ರವೂ ಬಂತು. ಹಾಲನ್ನು ತಕ್ಕಡಿಯ ಪಾತ್ರೆಗೆ ಸುರಿದ ಮೇಲೆ ಒಂದಿಷ್ಟನ್ನು ಯಂತ್ರದ ಕೆಳಗೆ ಹಿಡಿದರೆ ಕೊಬ್ಬೆಷ್ಟು, ನೀರೆಷ್ಟು ಎಂಬುದೆಲ್ಲ ತಾನಾಗಿಯೇ ಪರದೆಯ ಮೇಲೆ ಬಂದು ಕೂರುತ್ತದೆ, ನೀರು ಬೆರೆತಿದ್ದರೆ ಕೆಂಪಗೆ ಕಾಣುತ್ತದೆ. ಕಂಪ್ಯೂಟರ್ ಮುಂದೆ ಕೂರುವವಳು ಯಾರ ನಂಬರು ಎಂದು ಒತ್ತಿರಬೇಕು, ಅಷ್ಟೆ. ಹಾಗೆ ಕೂರುವವಳು ಮಮತಾ. ಮಾಗಡಿ ಕಡೆಯಿಂದ ಬಂದ ಹೊಸ ಸೊಸೆ, ಪಿಯುಸಿ ಓದಿ ಕನಕಪುರದಲ್ಲಿ ಕಂಪ್ಯೂಟರ್ ಕಲಿತಿದ್ದವಳು. ಗಂಡ ದೇವರಾಜುಗೆ ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ ಶಿಫ್ಟಿನ ಕೆಲಸ. ಅತ್ತೆ ಕೆಂಚಮ್ಮ.

ಕೆಂಚಮ್ಮನ ವಿಷಯ ಒಂದು ಮಾತು ಹೇಳಬೇಕು. ಈ ಡೈರಿ ಶುರುವಾದಾಗ ಮನೆಮನೆಗೆ ಹೋಗಿ ಹಾಲು ಹಾಕಿ ಬನ್ನಿ ಎಂದು ಕರೆದವಳು ಅವಳು. ಮಳೆ ಬರಲಿ, ಮನೆಯಲ್ಲಿ ಮದುವೆಯಿರಲಿ, ಅವಳ ಕ್ಯಾನು ಸಾಲಿನಲ್ಲಿ ಇಲ್ಲದ ಬೆಳಗು ನಾವು ನೋಡಿರಲಿಲ್ಲ. ಹಾಲಿಗೆ ನೀರು ಬೆರೆಸಿದವರ ಹೆಸರನ್ನು ಡೈರಿಯ ಬಾಗಿಲಲ್ಲಿ ಕರಿಹಲಗೆಯ ಮೇಲೆ ಬರೆದು ಹಾಕಬೇಕು ಎಂದು ಸಭೆಯಲ್ಲಿ ಎದ್ದುನಿಂತು ಹೇಳಿದವಳೂ ಅವಳೇ. ಆ ಹಲಗೆ ಇವತ್ತಿಗೂ ಅಲ್ಲೇ ಇದೆ.

ಸಾಫ್ಟ್‌ವೇರ್ ಮಾಡಿಕೊಟ್ಟವನು ಅಶ್ವಥ್. ರಾಮನಗರದಲ್ಲಿ ರೇಷ್ಮೆ ನೂಲಿನ ಅಂಗಡಿಯ ಮಹಡಿಯ ಮೇಲೆ ಒಂದು ಕೋಣೆ ಹಿಡಿದು, ಸಾತನೂರು, ಉಯ್ಯಂಬಳ್ಳಿ ಕಡೆಯ ಡೈರಿಗಳಿಗೆಲ್ಲ ತಾನೇ ಬೈಕಿನಲ್ಲಿ ಹೋಗಿ ಹಾಕಿಕೊಟ್ಟು ಬರುತ್ತಿದ್ದ. ಒಳ್ಳೆಯ ಹುಡುಗ, ಆದರೆ ತನ್ನ ಕೆಲಸದ ಬಗ್ಗೆ ಯಾರಾದರೂ ಕೊಂಕು ತೆಗೆದರೆ ಮುಖ ಕೆಂಪಗಾಗುತ್ತಿತ್ತು. ಅವನ ಪರದೆಗಳು ಒಂದರೊಳಗೊಂದು ಇದ್ದವು. ಮೊದಲು ಹಾಲಿನ ಪರದೆ. ಅದರೊಳಗಿಂದ ಪಶು ಆಹಾರದ ಪರದೆ. ಅದರೊಳಗಿಂದ ಸದಸ್ಯರ ಹೆಸರಿನ ಪಟ್ಟಿ. ಉಗ್ರಾಣದೊಳಗೆ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಡಬ್ಬಿ ಇಟ್ಟ ಹಾಗೆ. ಹೊರಗೆ ಬರಲು ಪ್ರತಿಯೊಂದರಲ್ಲೂ ಕೆಳಗಡೆ ಬಲಕ್ಕೆ 'ಹಿಂದೆ' ಎಂಬ ಒಂದು ಬಟನ್. ಒತ್ತಿದರೆ ಒಂದು ಮೆಟ್ಟಿಲು ಹೊರಗೆ.

ಒಂದು ದಿನ ಬೆಳಿಗ್ಗೆ ಸಾಲಿನ ಮುಂದೆ ಬಂದದ್ದು ಕೆಂಚಮ್ಮನ ಕ್ಯಾನು. ತಮ್ಮ ಮನೆಯದೇ ಕ್ಯಾನು, ಮಮತಾಗೆ ಗುರುತು ಸಿಕ್ಕದಿರುತ್ತದೆಯೆ? ಅತ್ತೆಯ ನಂಬರು ಒತ್ತಿದಳು. ಅಷ್ಟರಲ್ಲಿ ಯಲ್ಲಮ್ಮ ಕಿಟಕಿಯೊಳಗೆ ತಲೆ ಹಾಕಿದಳು.

"ನಮ್ಗೊಂದು ಮೂಟೆ ಫೀಡು ಬರ್ಕೊಳವ್ವ."

"ನಂಬರ್ ಎಷ್ಟು ಯಲ್ಲಮ್ಮಕ್ಕ?"

"ನಂಬ್ರು ಯಾರ್ಗವ್ವ ಗೊತ್ತು. ನಮ್ಮನೆಯವ್ರ ಹೆಸ್ರಲ್ಲೈತೆ, ನೋಡು."

"ನಿಮ್ಮನೆಯವ್ರ ಹೆಸರೇನು?"

ಕೇಳಬಾರದ ಪ್ರಶ್ನೆ. ಯಲ್ಲಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ಹೆಂಗಸು ನಮ್ಮೂರಲ್ಲಿ ಇನ್ನೂ ಹುಟ್ಟಬೇಕು. "ಅದೇ ಕಣವ್ವ, ತಿರುಪ್ತೀಲವ್ರಲ್ಲ, ಅವ್ರು" ಎಂದಳು. ಮಮತಾ ಪಶು ಆಹಾರದೊಳಗೆ ಹೋಗಿ, ಅಲ್ಲಿಂದ ಹೆಸರಿನ ಪಟ್ಟಿಯೊಳಗೆ ಹೋಗಿ ನೋಡಿದರೆ ವೆಂಕಟಯ್ಯ, ತಿಮ್ಮಯ್ಯ, ಶ್ರೀನಿವಾಸ, ವೆಂಕಟರಮಣ ಎಲ್ಲರೂ ತಿರುಪತಿಯವರೇ. ಜಗಲಿಯ ಮೇಲೆ ಕೂತವರು ಒಬ್ಬೊಬ್ಬರು ಒಂದೊಂದು ಗುರುತು ಹೇಳಿ, ಯಲ್ಲಮ್ಮ ಇನ್ನಷ್ಟು ನಾಚಿ, ಕೊನೆಗೆ ತಿಮ್ಮಯ್ಯ ಎಂದು ತೀರ್ಮಾನವಾಗುವಷ್ಟರಲ್ಲಿ ಹೊತ್ತಾಗಿತ್ತು.

ಇತ್ತ ಹಾಲು ಅಳೆಯುವ ಮುನಿಕೃಷ್ಣ ಕಾದು ನೋಡಿದ. ಕೆಂಚಮ್ಮ ಹಗ್ಗ ಬಿಚ್ಚಿಕೊಂಡ ಕರುವನ್ನು ಹಿಡಿಯಲು ಹೋಗಿದ್ದವಳು ಬಂದಿರಲಿಲ್ಲ. ಪದ್ಧತಿಯಂತೆ ಅವಳ ಕ್ಯಾನನ್ನು ಚಪ್ಪಡಿಯ ಮೇಲಿಟ್ಟು, ಹಿಂದಿದ್ದ ಚಿಕ್ಕಲಕ್ಷ್ಮಮ್ಮನಿಗೆ ಸನ್ನೆ ಮಾಡಿದ. ಅವಳು ಹಾಲು ಸುರಿದಳು. ಮಮತಾ 'ಹಿಂದೆ', 'ಹಿಂದೆ' ಎಂದು ಒತ್ತಿಕೊಂಡು ಹೊರಗೆ ಬಂದಾಗ ಪರದೆಯ ಮೇಲೆ ಅವಳು ಬಿಟ್ಟುಹೋದ ನಂಬರು ಬಿಟ್ಟುಹೋದ ಹಾಗೇ ಇತ್ತು. ಯಂತ್ರದಿಂದ ಲೆಕ್ಕ ಬಂದು ಕೂತಿತು. ಸಾಲು ಗೊಣಗುತ್ತಿತ್ತು. ಲೆಕ್ಕದ ಕಡೆ ನೋಡದೆ 'ಸರಿ' ಒತ್ತಿದಳು. ಚೀಟಿ ಅಚ್ಚಾಗಿ ಬಂತು. ಅತ್ತೆಯ ಹೆಸರಿದೆ, ಮನೆಯಲ್ಲಿ ಕೊಟ್ಟರಾಯಿತು ಎಂದು ಓದದೆಯೇ ಪಕ್ಕಕ್ಕಿಟ್ಟುಕೊಂಡಳು. ಚೀಟಿಯಲ್ಲಿ ಒಂದು ಚುಕ್ಕೆ ಹೆಚ್ಚುಕಡಿಮೆಯಾದರೆ ಜಗಳಕ್ಕೆ ನಿಲ್ಲುವ ಚಿಕ್ಕಲಕ್ಷ್ಮಮ್ಮ ಆ ದಿನ ಚೀಟಿಯನ್ನೇ ಕೇಳದೆ ಖಾಲಿ ಕ್ಯಾನು ಹಿಡಿದು ಹೊರಟುಹೋದಳು. ಆಮೇಲೆ ಕೆಂಚಮ್ಮ ಬಂದಳು, ಹಾಲು ಸುರಿದಳು, ಗಡಿಬಿಡಿಯಲ್ಲಿ ಮಮತಾ ಯೋಚಿಸದೆ ಮತ್ತೆ ಅದೇ ನಂಬರು ಒತ್ತಿದಳು, ಅದೂ ಅತ್ತೆಯ ಹೆಸರಿನಲ್ಲಿ ಎರಡನೆಯ ಕ್ಯಾನೆಂದು ಸೇರಿತು.

ಸಂಜೆ ಸೆಕ್ರೆಟರಿ ನಂಜುಂಡಯ್ಯ ಕಂಪ್ಯೂಟರಿನಲ್ಲಿ ಕೆಂಪಗೆ ಕಂಡದ್ದನ್ನು ನೋಡಿ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ. 'ನೀರು ಬೆರೆತ ಹಾಲು: ಕೆಂಚಮ್ಮ.'

ಸಂಜೆಯ ಹಾಲು ತಂದ ಕೆಂಚಮ್ಮನಿಗೆ ಯಾರೋ ಓದಿ ಹೇಳಿದರು. ಅವಳು ಕೂಗಾಡಲಿಲ್ಲ. "ನಾನು ತಂದಿದ್ದು ಒಂದೇ ಕ್ಯಾನು ಕಣ್ ನಂಜುಂಡಣ್ಣ" ಎಂದಳು.

"ಕಂಪ್ಯೂಟ್ರು ಎರಡು ಅಂತೈತಲ್ಲಮ್ಮ. ನಾನು ಬರ್ದಿದ್ದಲ್ಲ, ಅದು ಯೋಳಿದ್ದು. ಅದ್ಕೇನು ನಿನ್ ಮೇಲೆ ಹಗೆನಾ?"

ಕೆಂಚಮ್ಮ ಕ್ಯಾನನ್ನು ಎತ್ತಿಕೊಂಡು ಮನೆಗೆ ಹೋದಳು. ಆ ಹೆಸರು ಅಳಿಸುವ ತನಕ ಡೈರಿಯ ಮೆಟ್ಟಿಲು ಹತ್ತುವುದಿಲ್ಲ ಎಂದಳು. ಮಾರನೆಯ ಬೆಳಿಗ್ಗೆ ಸಾಲಿನಲ್ಲಿ ಅವಳ ಕ್ಯಾನು ಇರಲಿಲ್ಲ. ನಮಗೆಲ್ಲ ಅದು ಬಾಯಲ್ಲಿ ಹಲ್ಲು ಬಿದ್ದ ಹಾಗೆ ಕಂಡಿತು, ನಾಲಿಗೆ ಅಲ್ಲಿಗೇ ಹೋಗುತ್ತದಲ್ಲ, ಹಾಗೆ.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಾವು. ಮಮತಾ ಎಲ್ಲರಿಗೂ ಹೇಳಿದಳು, ಅತ್ತೆಯದಲ್ಲ ಆ ಹಾಲು, ನಾನು ಒಳಗೆ ಹೋಗಿ ಬರುವಷ್ಟರಲ್ಲಿ ಕ್ಯಾನು ಬದಲಾಗಿತ್ತು ಎಂದು. ಮುನಿಕೃಷ್ಣನನ್ನು ಕೇಳಿದರೆ, ದಿನಾ ಎಷ್ಟೋ ಕ್ಯಾನು ಚಪ್ಪಡಿಗಿಡುತ್ತೇನೆ, ಆ ಹೊತ್ತು ಯಾರದಿತ್ತೋ ನೆನಪಿಲ್ಲ ಎಂದ. ಅರ್ಧ ಊರು, ಅತ್ತೆಯ ಪರ ಸೊಸೆ ಹೇಳದೆ ಇನ್ಯಾರು ಹೇಳುತ್ತಾರೆ ಎಂದಿತು. ಇನ್ನರ್ಧ ಊರು, ಅತ್ತೆಗೊಂದು ಕಾಲ ಸೊಸೆಗೊಂದು ಕಾಲ, ಬೇಕೆಂದೇ ಒತ್ತಿದ್ದಾಳೆ ಎಂದಿತು. ಸುಳ್ಳು ಹೇಳಿ ಅತ್ತೆಯನ್ನು ಉಳಿಸುವವಳೂ ಅವಳೇ, ಸೇಡಿಗೆ ಅತ್ತೆಯನ್ನು ಮುಳುಗಿಸುವವಳೂ ಅವಳೇ. ಎರಡನ್ನೂ ಒಬ್ಬಳೇ ಹೇಗೆ ಮಾಡಿಯಾಳು ಎಂದು ಯೋಚಿಸುವ ಪುರುಸೊತ್ತು ಯಾರಿಗಿತ್ತು?

ಮನೆಯಲ್ಲಿ ಹಾಲು ಹರಿಯತೊಡಗಿತು. ಮೊಸರಾಯಿತು, ಮಜ್ಜಿಗೆಯಾಯಿತು, ಬೆಣ್ಣೆ ತುಪ್ಪ ಆಯಿತು, ನೆರೆಹೊರೆಗೆ ಹಂಚಿದ್ದಾಯಿತು. ದೇವರಾಜು ಶಿಫ್ಟ್ ಮುಗಿಸಿ ಬಂದು ಮೂರು ಹೊತ್ತೂ ಪಾಯಸ ಕುಡಿದು, ಈ ಜಗಳ ಇನ್ನೊಂದು ವಾರ ಇರಲಿ ಎನ್ನುವ ಮುಖ ಮಾಡಿಕೊಂಡು ಓಡಾಡಿದ. ಕೆಂಚಮ್ಮ ಸೊಸೆಗೆ ಒಂದು ಮಾತೂ ಅನ್ನಲಿಲ್ಲ. ಲೋಟದ ತುಂಬ ಹಾಲು ಕೊಟ್ಟು ಎದುರಿಗೆ ಕೂತಿರುತ್ತಿದ್ದಳು. ಬೈದಿದ್ದರೆ ಮಮತಾಗೆ ಸುಖವಾಗಿರುತ್ತಿತ್ತು. ಅವಳು ಅರ್ಧ ಕುಡಿದು ಲೋಟ ಕೆಳಗಿಡುತ್ತಿದ್ದಳು.

ಅವಳು ಅಶ್ವಥ್‌ಗೆ ಫೋನ್ ಮಾಡಿದಳು. ಅವನು ಬಂದ. ಕಂಪ್ಯೂಟರ್ ಮುಂದೆ ಕೂತು, ಒಳಗೆ ಹೋಗಿ, ಹೊರಗೆ ಬಂದು, ಮತ್ತೆ ಹೋಗಿ ಬಂದು ನೋಡಿದ.

"ಮೇಡಂ, ಎಲ್ಲಿ ಬಿಟ್ಟು ಹೋದ್ರೋ ಸರಿಯಾಗಿ ಅಲ್ಲಿಗೇ ತಂದು ಬಿಡ್ತಿದೆ. ಬಟನ್ ಕೆಲಸವೇ ಅದು. ಏನೂ ತಪ್ಪಿಲ್ಲ."

"ನಾನು ಬಿಟ್ಟ ಕಡೆಗೇ ತಂತು ಸರ್. ಆದ್ರೆ ಅಲ್ಲಿ ನಮ್ಮತ್ತೆ ಕ್ಯಾನು ಇರ್ಲಿಲ್ವಲ್ಲ."

"ಅದು ಕಂಪ್ಯೂಟರ್‌ಗೆ ಹೆಂಗೆ ಗೊತ್ತಾಗ್ಬೇಕು?"

"ಗೊತ್ತಾಗಲ್ಲ. ಗೊತ್ತಿಲ್ಲ ಅಂತ ಹೇಳೋಕಾದ್ರೂ ಬರ್ಬೇಕಲ್ವಾ? ನಮ್ಮತ್ತೆ ಮನೇಲಿ ಕೂತವ್ರೆ ಸರ್."

ಅಶ್ವಥ್‌ನ ಮುಖ ಕೆಂಪಗಾಯಿತು. ಆದರೂ ಮಾರನೆಯ ದಿನ ಬೆಳಕು ಹರಿಯುವ ಮೊದಲೇ ಬೈಕಿನಲ್ಲಿ ಬಂದು, ಜಗಲಿಯ ಮೇಲೆ ಹೆಂಗಸರ ಪಕ್ಕ ಕೂತು ಸಾಲನ್ನು ನೋಡಿದ. ಅವನು ಮೊದಲು ಬಂದಿದ್ದಾಗಲೆಲ್ಲ ಮಧ್ಯಾಹ್ನ, ಸಾಲು ಇರುತ್ತಿರಲಿಲ್ಲ. ಈಗ ಕ್ಯಾನುಗಳು ಮುಂದೆ ಹೋದವು, ಚಪ್ಪಡಿಗೆ ಹೋದವು, ವಾಪಸ್ ಬಂದವು. ಒಂದು ಸಲ ಚಪ್ಪಡಿಯ ಮೇಲೆ ಒಟ್ಟಿಗೇ ಮೂರು ಕ್ಯಾನು ಕೂತಿದ್ದವು, ಯಾವುದು ಯಾರದೆಂದು ಕೇಳಿದ್ದಕ್ಕೆ ಎಲ್ಲರೂ ಅವನನ್ನು ವಿಚಿತ್ರವಾಗಿ ನೋಡಿದರು. ಕ್ಯಾನು ನೋಡಿದರೆ ಗೊತ್ತಾಗುವುದಿಲ್ಲವೆ?

ಹಾಲಿನ ಗಾಡಿ ಹೋದ ಮೇಲೆ ಅವನು ನಂಜುಂಡಯ್ಯನ ಸೀಮೆಸುಣ್ಣ ಇಸಿದುಕೊಂಡು ಡೈರಿಯ ನೆಲದ ಮೇಲೆ ಕೂತ. ದೊಡ್ಡದೊಂದು ಚೌಕ ಬರೆದ. ಅದು ಪರದೆ. ಮಮತಾ ಎದುರಿಗೆ ಕೂತಳು. ನೆಲ ಗುಡಿಸುವ ಅಂಕಯ್ಯ ರಂಗೋಲಿಯೆಂದುಕೊಂಡು ಸುತ್ತುಹಾಕಿಕೊಂಡು ಹೋದ.

"ವಾಪಸ್ ಬಂದಾಗ, 'ಇದು ಖಚಿತವೇ' ಅಂತ ಕೇಳಿಸ್ಲಾ?" ಎಂದ ಅಶ್ವಥ್.

"ಓದದೇನೇ ಹೌದು ಅಂತ ಒತ್ಬುಡ್ತೀನಿ" ಎಂದಳು ಮಮತಾ. "ಸಾಲು ಗೊಣಗ್ತಿರ್ವಾಗ ಖಚಿತ ಗಿಚಿತ ಯಾರು ನೋಡ್ತಾರೆ."

ಅವನು ಚೌಕದ ಮೇಲ್ಭಾಗದಲ್ಲಿ ಒಂದು ಗೆರೆ ಎಳೆದ. "ಇದು ನಿಮ್ಮ ಚಪ್ಪಡಿ ಅಂದ್ಕೊಳ್ಳಿ. ಹಾಲಿನ ಮಧ್ಯೆ ಬೇರೆ ಕೆಲಸ ಬಂತು. 'ಪಕ್ಕಕ್ಕಿಡು' ಅಂತ ಒಂದು ಬಟನ್. ಒತ್ತಿದ್ರೆ ಅವರ ಹೆಸರು ಇಲ್ಲಿ ಮೇಲೆ ಹೋಗಿ ಕೂರುತ್ತೆ. ನೀವು ಎಷ್ಟೇ ಒಳಗೆ ಹೋಗಿ, ಫೀಡಿಗೆ ಹೋಗಿ, ಪಟ್ಟಿಗೆ ಹೋಗಿ, ಅದು ಕಾಣ್ತಾನೇ ಇರುತ್ತೆ."

"ಅಷ್ಟೂ ಹೊತ್ತು ಕೆಳಗೆ ಯಾರ ನಂಬರೂ ಇರಲ್ವಾ?"

"ಇರಲ್ಲ. ಖಾಲಿ. ವಾಪಸ್ ಬಂದ್ಮೇಲೆ ಕೇಳುತ್ತೆ, ತಕ್ಕಡಿ ಮೇಲೆ ಯಾರದು ಅಂತ. 'ಇದೇ ಕ್ಯಾನು', 'ಬೇರೆ ಕ್ಯಾನು'. ಎರಡೇ."

"'ಹಿಂದೆ' ಅನ್ನೋದನ್ನ ಏನ್ ಮಾಡ್ತೀರಿ? ಒತ್ತೋವಾಗ ಎಲ್ಲಿಗೆ ಹೋಗ್ತೀನಿ ಅಂತಾನೇ ಗೊತ್ತಾಗಲ್ಲ ಸರ್ ನಂಗೆ. ಒತ್ಕೊಂಡು ಒತ್ಕೊಂಡು ಬತ್ತೀನಿ."

"ತೆಗೆದು ಬಿಡೋಣ. 'ಫೀಡಿಗೆ ವಾಪಸ್', 'ಹಾಲಿಗೆ ವಾಪಸ್'. ಎಲ್ಲಿಗೆ ಅಂತ ಬಟನ್ ಮೇಲೇ ಇರ್ಲಿ."

ಮಮತಾ 'ಇದೇ ಕ್ಯಾನು' ಬಟನ್ನನ್ನು ಚೌಕದ ಕೆಳಗೆ ಬಲಗಡೆ ಬರೆದಳು. ಅಶ್ವಥ್ ಅದನ್ನು ಅಂಗೈಯಿಂದ ಅಳಿಸಿ ಎಡಗಡೆಗೆ ಹಾಕಿದ. ಬಲಗಡೆ ಇಷ್ಟು ದಿನ 'ಹಿಂದೆ' ಇತ್ತು, ಕೈ ಅಭ್ಯಾಸದಲ್ಲಿ ಅಲ್ಲಿಗೇ ಹೋಗುತ್ತದೆ, ಎರಡು ಸಲ ಒತ್ತಿದವಳು ಮೂರನೆಯ ಸಲವನ್ನೂ ಒತ್ತಿರುತ್ತಾಳೆ ಎಂದ. ಅದು ಮಮತಾಗೆ ಹೊಳೆದಿರಲಿಲ್ಲ. ಒಪ್ಪಿಕೊಂಡಳು.

ಅಶ್ವಥ್ ಎದ್ದು ಕೈ ಕೊಡವಿಕೊಂಡ. ಹೊಸದನ್ನು ಮಾಡಿಕೊಂಡು ಬರುತ್ತೇನೆ, ಬಂದ ದಿನ ಹಳೆಯದರಲ್ಲಿ ತಪ್ಪು ಹೇಗಾಯಿತೆಂದು ನಾನೇ ನಿಮ್ಮ ಸೆಕ್ರೆಟರಿಗೆ ಮಾಡಿ ತೋರಿಸುತ್ತೇನೆ ಎಂದ. ಅವನ ಬಾಯಿಂದ ತಪ್ಪು ಎಂಬ ಮಾತು ಬಂದದ್ದು ಅದೇ ಮೊದಲು.

ಅವನು ಬರುವ ಹಿಂದಿನ ಸಂಜೆ ಮಮತಾ ಅತ್ತೆಯ ಪಕ್ಕ ಕೂತು ರಾಗಿ ಕೇರುತ್ತಾ ವಿಷಯ ತೆಗೆದಳು. ಆ ನೀರಿನ ಹಾಲು ಯಾರದೆಂದು ಅವಳಿಗೆ ಗೊತ್ತಾಗಿತ್ತು. ಆ ಬೆಳಿಗ್ಗೆ ಬಂದವರಲ್ಲಿ ಚೀಟಿಯಿಲ್ಲದೆ ಹೋದವಳು ಒಬ್ಬಳೇ.

"ಚಿಕ್ಕಲಕ್ಷ್ಮಮ್ಮನ್ದು ಅತ್ತೆ. ನಾಳೆ ಎಲ್ರ ಮುಂದೆ ಹೇಳ್ಬುಡ್ತೀನಿ."

ಕೆಂಚಮ್ಮ ಮೊರ ಕೆಳಗಿಟ್ಟಳು. "ಅವ್ಳ ಹಸಿನ ಹಾಲು ಬತ್ತೋಗ್ತಾ ಐತೆ ಕಣವ್ವ. ದಿನಾ ಹಾಕೋ ಅಷ್ಟು ಹಾಕ್ದೆ ಇದ್ರೆ ಊರು ಏನಂದ್ಕೊಂಡಾತು ಅಂತ ಒಂದಿನ ಕೈ ಜಾರೈತೆ."

"ನಿಮ್ಗೆ ಗೊತ್ತಿತ್ತಾ?"

"ಆವತ್ತಿಂದ ನಮ್ಮನೆ ಮುಂದೆ ಹೋಗೋವಾಗ ತಲೆ ಎತ್ತಾ ಇಲ್ಲ ಅವ್ಳು."

"ಹಂಗಾದ್ರೆ ಹೇಳೋದ್ರಲ್ಲಿ ತಪ್ಪೇನು? ನೀವೇ ಅಲ್ವಾ ಆ ಬೋರ್ಡು ಹಾಕ್ಸಿದ್ದು?"

"ಹಾಕ್ಸ್ದಾಗ ಅದ್ರ ಮೇಲೆ ನಾನಿರ್ಲಿಲ್ಲ" ಎಂದಳು ಕೆಂಚಮ್ಮ. "ಈಗ ಇದ್ದು ನೋಡಿದ್ದೀನಿ. ನನ್ ಹೆಸ್ರು ಅಳ್ಸು ಅಂದೆ. ಇನ್ನೊಬ್ಳದು ಬರಿ ಅಂದ್ನಾ?" ಆಮೇಲೆ ಸೊಸೆಯ ತಲೆಯ ಮೇಲಿದ್ದ ರಾಗಿಯ ಹೊಟ್ಟನ್ನು ಕೈಯಿಂದ ಒರೆಸಿ, "ನೀನು ಬೇಕೂಂತ ಒತ್ತಿಲ್ಲ ಅನ್ನೋದು ನಂಗೆ ಗೊತ್ತು ಕಣಮ್ಮಿ. ಹಾಲು ಕುಡಿ ನೆಟ್ಟಗೆ" ಎಂದಳು. ಮಮತಾಗೆ ಅಳು ಬಂತು. ಹೊಟ್ಟು ಕಣ್ಣಿಗೆ ಬಿತ್ತೆಂದು ಹೇಳಿ ಎದ್ದುಹೋದಳು.

ಮಾರನೆಯ ದಿನ ಅಶ್ವಥ್ ಮೊದಲು ಹಳೆಯ ಸಾಫ್ಟ್‌ವೇರಿನಲ್ಲೇ ನಂಜುಂಡಯ್ಯನಿಗೆ ತೋರಿಸಿದ. ಒಂದು ಕ್ಯಾನಿಗೆ ಹಾಲು, ಒಂದಕ್ಕೆ ಬರೀ ನೀರು. ನಂಜುಂಡಯ್ಯನದೇ ನಂಬರು ಒತ್ತಿ, ಫೀಡಿಗೆ ಹೋಗಿ, ಪಟ್ಟಿಗೆ ಹೋಗಿ, 'ಹಿಂದೆ' ಒತ್ತಿಕೊಂಡು ಬರುವಷ್ಟರಲ್ಲಿ ಮುನಿಕೃಷ್ಣ ಕ್ಯಾನು ಬದಲಾಯಿಸಿದ. ಪರದೆಯ ಮೇಲೆ ಕೆಂಪಗೆ ಸೆಕ್ರೆಟರಿಯ ಹೆಸರು ಬಂತು. ನೀರು ಮಾರಲು ಬಂದ ಮೊದಲ ಸೆಕ್ರೆಟರಿ ಎಂದು ಜಗಲಿಯ ಮೇಲಿದ್ದವರು ನಕ್ಕರು. ನಂಜುಂಡಯ್ಯ ನಗಲಿಲ್ಲ. ಎದ್ದುಹೋಗಿ ಒದ್ದೆ ಬಟ್ಟೆ ತಂದು ಹಲಗೆಯನ್ನು ತಾನೇ ಒರೆಸಿದ. ಕೆಂಚಮ್ಮನ ಹೆಸರಿದ್ದ ಕಡೆ ಇನ್ನೊಂದು ಸಲ ಒರೆಸಿದ.

"ಹಂಗಾದ್ರೆ ಆ ಹಾಲು ಯಾರ್ದಮ್ಮ?" ಎಂದು ಮಮತಾಳನ್ನು ಕೇಳಿದ.

ಸಾಲಿನಲ್ಲಿದ್ದ ಚಿಕ್ಕಲಕ್ಷ್ಮಮ್ಮ ತನ್ನ ಕ್ಯಾನಿನ ಹಿಡಿಯನ್ನೇ ನೋಡುತ್ತಿದ್ದಳು.

"ಕಂಪ್ಯೂಟರ್‌ಗೆ ಗೊತ್ತಿಲ್ಲ" ಎಂದಳು ಮಮತಾ. "ಅದಕ್ಕೆ ಗೊತ್ತಿಲ್ದೆ ಇರೋದನ್ನ ನಾವು ಬರೆಯೋದು ಬ್ಯಾಡ."

ನಂಜುಂಡಯ್ಯ ಅವಳನ್ನು ಒಂದು ಗಳಿಗೆ ನೋಡಿ ಬಟ್ಟೆ ಹಿಂಡಿದ. ಅಶ್ವಥ್ ಹೊಸದನ್ನು ಹಾಕಿಕೊಟ್ಟು, ಕೆಂಚಮ್ಮನ ಮನೆಗೆ ಹೋಗಿ ಒಂದು ಲೋಟ ಪಾಯಸ ಕುಡಿದು, ತಪ್ಪಾಯಿತಮ್ಮ ಎಂದು ಹೇಳಿ ಬೈಕು ಹತ್ತಿದ.

ಅದರ ಮಾರನೆಯ ಬೆಳಿಗ್ಗೆ ಕೆಂಚಮ್ಮನ ಕ್ಯಾನು ಸಾಲಿಗೆ ಬಂತು. ಹಿಂದಿನವರು ಸ್ವಲ್ಪ ಜಾಗ ಬಿಟ್ಟರು. ಅವಳ ಹಿಂದೆ ಇದ್ದದ್ದು ಚಿಕ್ಕಲಕ್ಷ್ಮಮ್ಮ. ಕೆಂಚಮ್ಮ ತಿರುಗಿ, "ಲಕ್ಷ್ಮಮ್ಮ, ಕರ ಕಟ್ಟಿಲ್ಲ. ಒಸಿ ಕ್ಯಾನು ನೋಡ್ಕೊಳವ್ವ, ಬತ್ತೀನಿ" ಎಂದು ಹೇಳಿ ಹೊರಟಳು. ಕರುವನ್ನು ಕಟ್ಟಿಯೇ ಬಂದಿದ್ದಳು. ಬರುವಾಗ ಮಮತಾ ನೋಡಿದ್ದಳು.

ಕ್ಯಾನು ಮುಂದೆ ಬಂತು. ಮುನಿಕೃಷ್ಣ ಅದನ್ನು ಚಪ್ಪಡಿಯ ಮೇಲಿಟ್ಟ. ಮಮತಾ 'ಪಕ್ಕಕ್ಕಿಡು' ಒತ್ತಿದಳು. ಅತ್ತೆಯ ಹೆಸರು ಪರದೆಯ ಮೇಲ್ಭಾಗಕ್ಕೆ ಹೋಗಿ ಕೂತಿತು. ಕೆಳಗೆಲ್ಲ ಖಾಲಿ.

"ಸುರೀರಿ ಲಕ್ಷ್ಮಮ್ಮಾರೆ" ಎಂದ ಮುನಿಕೃಷ್ಣ.

ಚಿಕ್ಕಲಕ್ಷ್ಮಮ್ಮ ಮುಚ್ಚಳ ತೆಗೆಯಲಿಲ್ಲ. "ಅಕ್ಕ ಬರ್ಲಿ" ಎಂದಳು.

"ಈಗೇನೂ ತಪ್ಪಾಗಾಕಿಲ್ಲ ಕಣಮ್ಮ. ಕಂಪ್ಯೂಟ್ರು ಸರಿ ಮಾಡ್ಕೊಂಡೈತೆ."

"ಅದು ಮಾಡ್ಕೊಂಡೈತೆ ಕಣಪ್ಪ. ನಾನಿನ್ನೂ ಮಾಡ್ಕೊಂಡಿಲ್ಲ."

ಹಿಂದಿನವರು ಗೊಣಗಿದರು, ಆಮೇಲೆ ನಿಲ್ಲಿಸಿದರು. ಕೆಂಚಮ್ಮ ನಿಧಾನವಾಗಿ ಬಂದಳು. ಚಪ್ಪಡಿಯ ಮೇಲೆ ತನ್ನ ಕ್ಯಾನು, ತಕ್ಕಡಿಯ ಮುಂದೆ ಮುಚ್ಚಳ ಹಾಕಿದ ಇನ್ನೊಂದು ಕ್ಯಾನು, ಅದರ ಪಕ್ಕ ತಲೆ ತಗ್ಗಿಸಿ ನಿಂತ ಚಿಕ್ಕಲಕ್ಷ್ಮಮ್ಮ. ಎಲ್ಲವನ್ನೂ ನೋಡಿದಳು. ಸೆರಗಿನಿಂದ ಕೈ ಒರೆಸಿಕೊಂಡು ತನ್ನ ಹಾಲು ಸುರಿದಳು. ಮಮತಾ 'ಇದೇ ಕ್ಯಾನು' ಒತ್ತಿದಳು.

ಆಮೇಲೆ ಚಿಕ್ಕಲಕ್ಷ್ಮಮ್ಮ ಮುಚ್ಚಳ ತೆಗೆದು ಕ್ಯಾನನ್ನು ಕೆಂಚಮ್ಮನ ಕಡೆ ವಾಲಿಸಿದಳು. ಹಾಲು ತಳದಲ್ಲಿ ಒಂದಿಷ್ಟೇ ಇತ್ತು.

"ನೋಡಕ್ಕ" ಎಂದಳು.

ಕೆಂಚಮ್ಮ ಕ್ಯಾನನ್ನು ನೋಡಲಿಲ್ಲ. "ಸುರಿಯವ್ವ, ಹೊತ್ತಾಯ್ತು" ಎಂದಳು.

ಅವಳು ಸುರಿದಳು. ಯಂತ್ರದಿಂದ ಲೆಕ್ಕ ಬಂತು, ಕೆಂಪಿರಲಿಲ್ಲ. ಮಮತಾ 'ಸರಿ' ಒತ್ತುವುದಕ್ಕೂ ಮೊದಲೇ ಚಿಕ್ಕಲಕ್ಷ್ಮಮ್ಮ ಕಿಟಕಿಯೊಳಗೆ ಕೈ ಚಾಚಿದ್ದಳು.

"ನನ್ ಚೀಟಿ ಕೊಡವ್ವ" ಎಂದಳು, ಜಗಲಿಯ ಮೇಲೆ ಕೂತವರಿಗೆಲ್ಲ ಕೇಳುವ ಹಾಗೆ.